ದಾವಣಗೆರೆ ಬಿಸಿಲೇನು ಅಹಮದಾಬಾದಿಗಿಂತ ಕಮ್ಮೀನಾ?

ಅಹಮದಾಬಾದಲ್ಲಿ ನಾವಿರೋ ಸೊಸೈಟೀಲಿ ಈಗ ತಾರಸಿ ಮೇಲೆ ಕರೆಂಟ್ ಕೊಡೋ ಸೋಲಾರ್ ಪ್ಯಾನೆಲ್ ಹಾಕಿಸದ ಮನೆ ಹುಡುಕ್ಬೇಕು, ದಾವಣಗೆರೇಲಿ ನಮ್ಮ ಬೀದೀಲಿ ಹಾಕಿಸಿರೋ ಮನೆ ಹುಡುಕ್ಬೇಕು. ಬಿಸಿಲಿಗೆ ಎರಡೂ ಕಡೆ ಬರ ಇಲ್ಲ. ಕೇಂದ್ರದ ಪಿಎಂ ಸೂರ್ಯ ಘರ್ ಸಬ್ಸಿಡೀನೂ ಒಂದೇ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಆದ್ರೆ ಇಲ್ಲಿ ಗುಜರಾತ್ ಸರ್ಕಾರ 2019ರಲ್ಲೇ ಮನೆ ತಾರಸಿಗೆ ಅಂತ ಸ್ಕೀಮ್ ತಂತು, ಒಬ್ಬರ ಬಿಲ್ ನೋಡಿ ಪಕ್ಕದವರು, ಅವರನ್ನ ನೋಡಿ ಎದುರುಮನೆಯವರು ಹಾಕಿಸ್ತಾ ಹೋದ್ರು.

ನಮ್ಮ ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಬಂತು, ತಿಂಗಳಿಗೆ 200 ಯೂನಿಟ್‌ವರೆಗೂ ಫ್ರೀ, ಬಡವರಿಗೆ ಅದು ದೊಡ್ಡ ಆಸರೆ, ನಾನು ಬೇಡ ಅನ್ನಲ್ಲ. ಆದ್ರೆ ಬಿಲ್ಲೇ ಸೊನ್ನೆ ಬರೋವಾಗ ಕೈಯಿಂದ ದುಡ್ಡು ಹಾಕಿ ಪ್ಯಾನೆಲ್ ಕೂರಿಸೋರು ಯಾರು? ಆ ಫ್ರೀ ಕರೆಂಟಿನ ದುಡ್ಡನ್ನ ಸರ್ಕಾರ ಕರೆಂಟ್ ಹಂಚೋ ಎಸ್ಕಾಂ ಕಂಪನಿಗಳಿಗೆ ವರ್ಷಾ ವರ್ಷಾ ಕಟ್ತಾನೇ ಇರ್ಬೇಕು, ಅದ್ರಲ್ಲಿ ಒಂದು ಪಾಲು ತೆಗೆದು ಬಡವರ ಮನೆ ಮೇಲೇ ಪ್ಯಾನೆಲ್ ಹಾಕಿಸಿದ್ರೆ ಇಪ್ಪತ್ತು ವರ್ಷಕ್ಕೂ ಮೇಲೆ ಕರೆಂಟ್ ಅಲ್ಲೇ ಹುಟ್ಟುತ್ತೆ. ಇಲ್ಲಿನ ಮೊಢೇರಾ ಅನ್ನೋ ಹಳ್ಳೀಲಿ ಸಾವಿರಕ್ಕೂ ಹೆಚ್ಚು ಮನೆ ಮೇಲೆ ಹೀಗೇ ಸರ್ಕಾರದ ಖರ್ಚಲ್ಲಿ ಹಾಕಿಸಿದ್ದಾರೆ.

ಸೋಲಾರ್ ಹಾಕಿಸಿದೋರಿಗೆ ಮಾತ್ರ ಲಾಭ ಅಂತಾರಲ್ಲ, ಅದು ಸರಿಯಲ್ಲ. 3 ಕಿಲೋವ್ಯಾಟ್ ಇದ್ರೆ ಒಳ್ಳೆ ಬಿಸಿಲಲ್ಲಿ ದಿನಕ್ಕೆ ಸುಮಾರು 12 ಯೂನಿಟ್ ಬರುತ್ತೆ, ಮಧ್ಯಾಹ್ನ ಮನೇಲಿ ಯಾರೂ ಇರಲ್ಲ, ಮಿಕ್ಕಿದ್ದು ಅದೇ ಲೈನಲ್ಲಿ ಪಕ್ಕದ ಮನೆ ಏಸಿಗೆ, ಮೂಲೆ ಅಂಗಡಿ ಫ್ರಿಡ್ಜಿಗೆ ಹೋಗುತ್ತೆ, ದೂರದಿಂದ ಬರೋ ಕರೆಂಟ್ ದಾರೀಲಿ ನಷ್ಟ ಆಗೋದು ತಪ್ಪುತ್ತೆ, ಬೇಸಿಗೇಲಿ ಟ್ರಾನ್ಸ್‌ಫಾರ್ಮರ್ ಮೇಲಿನ ಲೋಡೂ ಇಳಿಯುತ್ತೆ. ಒಂದು ಮಾತು ಮಾತ್ರ ಮೊದಲೇ ತಿಳ್ಕೊಂಡಿರಿ, ಬ್ಯಾಟರಿ ಇಲ್ದಿದ್ರೆ ಲೈನ್ ಕರೆಂಟ್ ಹೋದಾಗ ಇದೂ ನಿಲ್ಲುತ್ತೆ, ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ.

ಅಮ್ಮನಿಗೆ ಹೇಳಿದ್ರೆ ‘ಹಪ್ಪಳ ಸಂಡಿಗೆ ಎಲ್ಲಿ ಒಣಗಿಸ್ಲಪ್ಪ ಮತ್ತೆ?’ ಅಂತಾರೆ. ನ್ಯಾಯವಾದ ಪ್ರಶ್ನೇನೇ. ಉತ್ತರಾಯಣದ ದಿನ ಇಲ್ಲಿ ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಬಿಡುತ್ತೆ, ತಾರಸಿ ಬಿಟ್ಟುಕೊಡೋ ಜನಾನೇ ಅಲ್ಲ, ಅದಕ್ಕೇ ಕಬ್ಬಿಣದ ಕಂಬ ಎತ್ತರಕ್ಕೆ ನಿಲ್ಲಿಸಿ ಮೇಲೆ ಪ್ಯಾನೆಲ್ ಹಾಕಿಸ್ತಾರೆ, ಕೆಳಗೆ ಆರಾಮಾಗಿ ಓಡಾಡ್ಬಹುದು, ಬಿಸಿಲು ಬೀಳೋ ಅಂಚಲ್ಲಿ ಸಂಡಿಗೆನೂ ಇಡ್ಬಹುದು. ಖರ್ಚು ಸ್ವಲ್ಪ ಜಾಸ್ತಿ, ನಿಜ.

ಬೆಂಗಳೂರಿನ ಅಪಾರ್ಟ್‌ಮೆಂಟಿನವರೂ ಸ್ವಂತ ತಾರಸಿ ಇಲ್ಲ ಅಂತ ಸುಮ್ನಿರ್ಬೇಡಿ. ಲಿಫ್ಟು, ನೀರಿನ ಮೋಟರ್, ಮೆಟ್ಟಿಲ ಲೈಟು ಇವಕ್ಕೆ ಅಸೋಸಿಯೇಷನ್ ಹೆಸರಲ್ಲೇ ಹಾಕಿಸಿದ್ರೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ, ಬಾಡಿಗೆಗೆ ಇರೋರ ಮೇಂಟೆನೆನ್ಸೂ ಇಳಿಯುತ್ತೆ. ಮುಂದಿನ ಮೀಟಿಂಗಲ್ಲಿ ಯಾರಾದ್ರೂ ಒಬ್ರು ಮಾತೆತ್ತಿ.