ಲಿನಕ್ಸ್ ಬೇಕಾ? ವಿಂಡೋಸ್ ಅಳಿಸಬೇಡಿ

ಆರ್ಮ್ ಚಿಪ್‌ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಓಡಿಸಲು ಹೋಗಿ ಟಕ್ಸೆಡೊ ಕೈಚೆಲ್ಲಿದ್ದು ನಿಮಗೂ ಗೊತ್ತಿರಬೇಕು. ಲಿನಕ್ಸ್ ಲ್ಯಾಪ್‌ಟಾಪ್ ಮಾರಿಯೇ ಬದುಕುವ ಜರ್ಮನಿಯ ಕಂಪನಿ ಅದು. ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್ ಎಂಬ, ಮೊಬೈಲ್‌ಗಳಲ್ಲಿರುವಂಥ ಆರ್ಮ್ ಜಾತಿಯ ಚಿಪ್ ಇಟ್ಟುಕೊಂಡು 18 ತಿಂಗಳು ಒದ್ದಾಡಿ, 2025ರ ನವೆಂಬರ್‌ನಲ್ಲಿ ಕೈಮುಗಿಯಿತು. ಫ್ಯಾನ್ ಮಾತು ಕೇಳಲಿಲ್ಲ. ಲಿನಕ್ಸ್‌ನಿಂದ ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಮಾಡಲು ದಾರಿ ಇರಲಿಲ್ಲ. ಬ್ಯಾಟರಿಯೂ ಬಾಳಲಿಲ್ಲ. ಜನ ಆರ್ಮ್ ಕೊಳ್ಳುವುದೇ ಬ್ಯಾಟರಿಗಾಗಿ, ಅಲ್ವಾ?

ಹಾಗಂತ ಕ್ವಾಲ್‌ಕಾಮ್ ಏನೂ ಮಾಡಲಿಲ್ಲ ಅಂದರೆ ಪಾಪ ಸುತ್ತಿಕೊಳ್ಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಚಿಪ್ ಘೋಷಿಸಿದ ಕೆಲವೇ ದಿನಗಳಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಕಳಿಸಿತ್ತು. ಎಂಥ ಚುರುಕು! ಪ್ರೊಸೆಸರ್‌ಗೆ ಬೆಂಬಲ ಸಿಕ್ಕಿತು. ಲ್ಯಾಪ್‌ಟಾಪ್‌ಗೂ ಬೇಕು ಅಂತ ಕೇಳುವವರು ಅತಿಯಾಸೆಯವರು.

ಇಲ್ಲಿ ಡಿವೈಸ್ ಟ್ರೀ ಎಂಬ ಜಾತಕದ ಕಥೆ ಹೇಳಲೇಬೇಕು. ಇಂಟೆಲ್ ಯಂತ್ರ ಬೂಟ್ ಆಗುವಾಗ ತನ್ನೊಳಗೆ ಏನೇನಿದೆ ಅಂತ ತಾನೇ ಹೇಳುತ್ತದೆ. ಈ ಆರ್ಮ್ ಲ್ಯಾಪ್‌ಟಾಪ್‌ಗಳು ವಿಂಡೋಸ್‌ಗೆ ಅರ್ಥವಾಗುವಂತೆ ಮಾತ್ರ ಬಾಯಿ ಬಿಡುತ್ತವೆ. ಲಿನಕ್ಸ್‌ಗೆ ಒಂದೊಂದು ಮಾಡೆಲ್‌ಗೂ ಬೇರೆ ಜಾತಕ ಬರೆಯಬೇಕು. ಟಚ್‌ಪ್ಯಾಡ್ ಯಾವ ಮನೆಯಲ್ಲಿದೆ, ಸ್ಪೀಕರ್ ಯಾವ ಮನೆಯಲ್ಲಿದೆ, ಎಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಕೂಡಿಬರುವುದಿಲ್ಲ. ಬರೆಯುವವರು ಯಾರು? ಎಷ್ಟೋ ಸಲ ದುಡ್ಡು ಕೊಟ್ಟು ಕೊಂಡವನೇ, ರಾತ್ರಿ ನಿದ್ದೆಗೆಟ್ಟು.

ಜಾತಕ ಕೂಡಿತು ಅನ್ನಿ. ಆಮೇಲೆ ಫರ್ಮ್‌ವೇರ್, ಅಂದರೆ ಬಿಡಿಭಾಗಗಳ ಒಳಗೇ ಓಡುವ ಪುಟ್ಟ ತಂತ್ರಾಂಶ. ಹಲವು ಮಾಡೆಲ್‌ಗಳಲ್ಲಿ ಅದು ಬಿಡಿಯಾಗಿ ಸಿಗುವುದಿಲ್ಲ, ವಿಂಡೋಸ್‌ನ ಡ್ರೈವರ್ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಅದಕ್ಕೇ ಉಬುಂಟು ಎಂಬ ಲಿನಕ್ಸ್ ಆವೃತ್ತಿಯವರು ಒಂದು ಸ್ಕ್ರಿಪ್ಟ್ ಬರೆದಿದ್ದಾರೆ. ಅದು ವಿಂಡೋಸ್ ಪಾರ್ಟಿಷನ್‌ಗೆ ನುಗ್ಗಿ, ಫರ್ಮ್‌ವೇರ್ ಎತ್ತಿಕೊಂಡು ಬರುತ್ತದೆ. ಅಂದರೆ ವಿಂಡೋಸ್‌ನಿಂದ ಬಿಡುಗಡೆ ಬೇಕಾದರೆ ವಿಂಡೋಸ್ ಮನೆಯಲ್ಲಿರಬೇಕು. ಉತ್ಸಾಹದಲ್ಲಿ ಡಿಸ್ಕ್ ಪೂರ್ತಿ ಒರೆಸಿದಿರೋ, ಕೆಟ್ಟಿರಿ.

ಆಪಲ್ ಕಥೆ ಇನ್ನೂ ಮಜಾ. ಅವರು ಬಾಗಿಲಿಗೆ ಬೀಗ ಹಾಕಿಲ್ಲ, ಒಳಗೆ ದೀಪವನ್ನೂ ಹಾಕಿಲ್ಲ. ಮ್ಯಾಕ್‌ಗೆ ಲಿನಕ್ಸ್ ತರಲು ಹೊರಟ ಅಸಾಹಿ ಲಿನಕ್ಸ್‌ನವರು ಒಂದೇ ಒಂದು ಕೈಪಿಡಿ ಇಲ್ಲದೆ, ತಡಕಾಡಿಕೊಂಡೇ ಆಪಲ್‌ನ ಎಂ1 ಚಿಪ್‌ನ ಜಿಪಿಯುಗೆ (ಪರದೆಯ ಚಿತ್ರ ಮೂಡಿಸುವ ಭಾಗ) ಡ್ರೈವರ್ ಬರೆದರು. ಸ್ಪೀಕರ್ ಸುಟ್ಟುಹೋಗದಂತೆ ಕಾಯಲು ಬೇರೆಯೇ ಪ್ರೋಗ್ರಾಂ ಬರೆದರು. 2022ರಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಕರ್ನಲ್ 5.19 ಬಿಡುಗಡೆ ಮಾಡಿದ್ದು ಅಂಥದ್ದೇ ಮ್ಯಾಕ್‌ಬುಕ್‌ನಿಂದ. ಅಸಾಹಿ ಶುರು ಮಾಡಿದ ಹೆಕ್ಟರ್ ಮಾರ್ಟಿನ್ 2025ರ ಫೆಬ್ರವರಿಯಲ್ಲಿ ಬಿಟ್ಟು ಹೋದರು. ಆಪಲ್‌ಗೆ ಅದರಿಂದ ಆದ ನಷ್ಟ ಸೊನ್ನೆ.

ನಗು ಸಾಕು. ಮೈಕ್ರೋಸಾಫ್ಟ್‌ನ 2012ರ ಟ್ಯಾಬ್ಲೆಟ್ ಸರ್ಫೇಸ್ ಆರ್‌ಟಿ ನೆನಪಿದೆಯಾ? ಆರ್ಮ್ ಚಿಪ್ ಇದ್ದದ್ದರಿಂದ ಅದರಲ್ಲಿ ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ಆಪರೇಟಿಂಗ್ ಸಿಸ್ಟಂ ಶುರುವಾಗದಂತೆ ತಡೆಯುವ ಬೀಗ) ಆಫ್ ಮಾಡಲು ಮೈಕ್ರೋಸಾಫ್ಟ್ ಬಿಡಲೇ ಇಲ್ಲ. 2023ರ ಜನವರಿಗೆ ಅಪ್‌ಡೇಟೂ ನಿಂತಿತು. ಲಿನಕ್ಸ್ ಹಾಕಬೇಕೆಂದರೆ ಕಳ್ಳದಾರಿಯೇ ಗತಿ. ಅದೇ 2012ರ ಇಂಟೆಲ್ ಲ್ಯಾಪ್‌ಟಾಪ್ ಇವತ್ತಿಗೂ ಲಿನಕ್ಸ್‌ನಲ್ಲಿ ಸುಮ್ನೆ ಓಡುತ್ತದೆ. ಚೆನ್ನಾಗಿರುವ ಪರದೆ, ಚೆನ್ನಾಗಿರುವ ಚಿಪ್, ಎಲ್ಲ ಗುಜರಿಗೆ. ದುಡ್ಡು ನಮ್ಮದು, ಬಿಲ್ಲು ನಮ್ಮ ಹೆಸರಲ್ಲಿ, ಕೀಲಿಕೈ ಮಾತ್ರ ಅವರ ಜೇಬಲ್ಲಿ. ಇದಕ್ಕೆ ಅವರು ಇಟ್ಟ ಹೆಸರು ಸುರಕ್ಷತೆ.