ಸ್ವರ್ಗಸ್ಥರಿಗೆ ಏಳು ದಿನಗಳ ಗಡುವು

ನಮ್ಮ ಬೀದಿಯಲ್ಲಿ ಕಾನೂನು ಮುರಿಯುವವರು ಯಾರೂ ಇಲ್ಲ. ಕಾನೂನು ಪಾಲಿಸಿ ಮಿಕ್ಕ ಜಾಗದಲ್ಲಿ ಒಂದಿಷ್ಟು ಅನುಕೂಲ ಮಾಡಿಕೊಂಡವರಿದ್ದಾರೆ, ಅಷ್ಟೆ. ಎದುರು ಮನೆಯವರ ಮೆಟ್ಟಿಲುಗಳು ರಸ್ತೆಯಲ್ಲೇ ಇಳಿಯುತ್ತವೆ. ಪಕ್ಕದ ಮನೆಯ ತಗಡಿನ ಶೆಡ್ಡು ಸ್ಕೂಟರಿಗೆಂದು ಹುಟ್ಟಿದ್ದು, ಕಾರು ಬಂದ ಮೇಲೆ ಬೆಳೆದು, ಈಗ ಚರಂಡಿ ದಾಟಿ ನಿಂತಿದೆ. ಮೂಲೆ ಮನೆಯ ಮಾಸ್ತರರು ಮನೆ ಕಟ್ಟಿಸಿ ಉಳಿದ ಜಲ್ಲಿಯನ್ನು ರಸ್ತೆಯ ಬದಿಗೆ ಸುರಿದದ್ದು ಮಗಳ ಮದುವೆಗೆ ಮುಂಚೆ. ಈಗ ಮೊಮ್ಮಗ ರಜೆಗೆ ಬಂದಾಗ ಅದರ ಮೇಲಿನಿಂದ ಜಾರುತ್ತಾನೆ.

ನಮ್ಮ ಪಾಲಿನದು ಚಪ್ಪಡಿ. ಗೇಟಿನ ಮುಂದೆ ಚರಂಡಿಯ ಮೇಲೆ ಆಳುದ್ದದ ಎರಡು ಕಲ್ಲು ಚಪ್ಪಡಿಗಳನ್ನು ನನ್ನ ಮಾವನವರು ಹಾಸಿಸಿದ್ದರು. ಅದರ ಮೇಲೆ ಬೆಳಿಗ್ಗೆ ಹೂವಿನವಳು ಬುಟ್ಟಿ ಇಳಿಸುತ್ತಾಳೆ, ಮಧ್ಯಾಹ್ನ ನಾನು ಹಪ್ಪಳ ಒಣಗಿಸುತ್ತೇನೆ, ಸಂಜೆ ಬೀದಿಯ ಹೆಂಗಸರು ಕುಳಿತು ಇಲ್ಲದವರ ಸಮಾಚಾರ ಮಾತನಾಡುತ್ತಾರೆ. ಮೆಟ್ಟಿಲಿನವರು ಚಪ್ಪಡಿಯ ಬಗ್ಗೆ ಸೊಲ್ಲೆತ್ತುವುದಿಲ್ಲ, ಚಪ್ಪಡಿಯವರು ಶೆಡ್ಡಿನ ಬಗ್ಗೆ, ಶೆಡ್ಡಿನವರು ಜಲ್ಲಿಯ ಬಗ್ಗೆ. ಎಲ್ಲರ ಮನೆ ದೋಸೆಯೂ ತೂತು ಎಂಬ ಗಾದೆಯನ್ನು ಉಳಿದವರು ಬಾಯಲ್ಲಿ ಹೇಳುತ್ತಾರೆ. ನಾವು ಅದನ್ನು ಬಡಾವಣೆಯ ನಕ್ಷೆಯಾಗಿಯೇ ಜಾರಿಗೆ ತಂದಿದ್ದೇವೆ.

ಇಂಥ ಬೀದಿಯಲ್ಲಿ ಯಾರು ದೂರು ಕೊಟ್ಟರೋ ದೇವರೇ ಬಲ್ಲ. ಕಳೆದ ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡು ಕೊಳೆನೀರು ರಸ್ತೆಗೆ ಬಂದಿತ್ತು. ಬೀದಿಯ ತುದಿಯ ಖಾಲಿ ನಿವೇಶನದಲ್ಲಿ ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದಿತ್ತು. ಅದರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಮೆಕ್ಸಿಕೋದಿಂದ ಆ ಗಿಡ ತಿನ್ನುವ ಜೀರುಂಡೆಯನ್ನು ತರಿಸಿ 1984ರಲ್ಲೇ ಬೆಂಗಳೂರಿನಲ್ಲಿ ಬಿಟ್ಟಿದ್ದರಂತೆ. ಮಾಲೀಕರನ್ನು ಇಲ್ಲಿಯತನಕ ಕರೆತರುವ ಜೀರುಂಡೆಯನ್ನು ಯಾರೂ ಇನ್ನೂ ಬಿಟ್ಟಿಲ್ಲ. ಪುರಸಭೆಗೆ ಹೊಸದಾಗಿ ಬಂದ ಆರೋಗ್ಯ ನಿರೀಕ್ಷಕರು ಬೇರೆ ಜಿಲ್ಲೆಯವರು. ಊರಿನಲ್ಲಿ ಯಾರು ಯಾರಿಗೆ ಷಡ್ಡಕ, ಯಾರ ಸೊಸೆ ಯಾರ ಅಣ್ಣನ ಮಗಳು ಎಂಬುದೊಂದೂ ಅವರಿಗೆ ಗೊತ್ತಿಲ್ಲ. ಇಂಥ ಅಜ್ಞಾನ ಇದ್ದವರು ಮಾತ್ರ ನಿರ್ಭಯವಾಗಿ ಕರ್ತವ್ಯ ಮಾಡಬಲ್ಲರು.

ಹೀಗೆ ಒಂದು ಬೆಳಿಗ್ಗೆ ಪುರಸಭೆಯ ಹುಡುಗ ಬೈಕನ್ನು ಚಪ್ಪಡಿಯ ಮೇಲೆಯೇ ನಿಲ್ಲಿಸಿ ಒಳಗೆ ಬಂದ. ಕೈಯಲ್ಲಿದ್ದ ಕಾಗದ ನೋಡಿ ಮಾವನವರ ಹೆಸರು ಓದಿ, "ಇದ್ದಾರೆಯೇ?" ಎಂದ.

"ಇಲ್ಲ" ಎಂದೆ.

"ಎಷ್ಟು ಹೊತ್ತಿಗೆ ಬರುತ್ತಾರೆ?"

ನಾನು ಗೋಡೆಯ ಕಡೆ ಕೈ ತೋರಿಸಿದೆ. ಗಂಧದ ಹಾರ ಹಾಕಿಕೊಂಡು ಮಾವನವರು ಅಲ್ಲಿಂದ ನೋಡುತ್ತಿದ್ದರು. ಹುಡುಗ ಸಂಸ್ಕಾರವಂತ. ಹಿಂದೆ ಸರಿದು ಚಪ್ಪಲಿ ಕಳಚಿಟ್ಟು ಬಂದು ಫೋಟೋಕ್ಕೆ ಕೈ ಮುಗಿದ. ಆಮೇಲೆ ಕೇಳಿದ: "ಹಾಗಾದರೆ ಸಹಿ ಯಾರು ಮಾಡುತ್ತೀರಿ ಅಮ್ಮಾ?"

ನೋಟಿಸಿನ ಒಕ್ಕಣೆ ಸೊಗಸಾಗಿತ್ತು. ಸದರಿ ಸ್ವತ್ತಿನ ಖಾತೆದಾರರಾದ ತಾವು ಸಾರ್ವಜನಿಕ ಚರಂಡಿಯ ಮೇಲೆ ಅನಧಿಕೃತವಾಗಿ ಚಪ್ಪಡಿ ಹಾಸಿರುವುದು ಸ್ಥಳ ಪರಿಶೀಲನೆಯ ವೇಳೆ ಕಂಡುಬಂದಿರುತ್ತದೆ. ಈ ನೋಟಿಸು ತಲುಪಿದ ಏಳು ದಿನಗಳೊಳಗಾಗಿ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು. ಖುದ್ದು ಹಾಜರಾಗಬೇಕಂತೆ! ಮಾವನವರು ಬದುಕಿದ್ದಾಗಲೇ ಯಾವ ಕಚೇರಿಗೂ ಹೋದವರಲ್ಲ. ಸಮಜಾಯಿಷಿ ಕೊಡುವ ಅಭ್ಯಾಸವಂತೂ ಅವರಿಗೆ ಅತ್ತೆಯವರ ಮುಂದೆಯೂ ಇರಲಿಲ್ಲ.

ನಮ್ಮ ಯಜಮಾನರು ಸ್ನಾನ ಮುಗಿಸಿ ಟವೆಲ್ಲಿನಲ್ಲೇ ಬಂದು, "ಸಹಿ ಮಾಡಬೇಡ, ಮಾಡಿದರೆ ಒಪ್ಪಿಕೊಂಡ ಹಾಗೆ" ಎಂದು ಸಾರಿ ಮತ್ತೆ ಒಳಗೆ ಹೋದರು. ಮನೆಯ ಕಾನೂನು ಹೋರಾಟದಲ್ಲಿ ಅವರ ಕೊಡುಗೆ ಅಲ್ಲಿಗೆ ಸಂಪೂರ್ಣವಾಯಿತು. ಹುಡುಗ ಬೇಸರ ಪಡಲಿಲ್ಲ. ಚೀಲದಿಂದ ಮೈದಾ ಅಂಟು ತೆಗೆದು, ಬಾಗಿಲಿನ ಮೇಲೆ 'ಶುಭ' ಮತ್ತು 'ಲಾಭ'ಗಳ ನಡುವೆ ನೋಟಿಸನ್ನು ಅಂಟಿಸಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು, ಕಾಫಿ ಕುಡಿದು ಹೋದ.

ಮಧ್ಯಾಹ್ನದೊಳಗೆ ಬೀದಿಯೆಲ್ಲ ಬಂದು ಬಾಗಿಲು ಓದಿತು. ಸಾವಿನ ಮನೆಗೆ ಬಂದವರ ಹಾಗೆ ಸ್ವರ ತಗ್ಗಿಸಿದ್ದರೂ ಮುಖದಲ್ಲಿ ಸಮಾಧಾನ ಎದ್ದು ಕಾಣುತ್ತಿತ್ತು. ನೋಟಿಸು ತಮ್ಮ ಮನೆಗೆ ಬಂದಿಲ್ಲವಲ್ಲ. "ಚಪ್ಪಡಿ ಒಂದನ್ನೇ ಬರೆದಿದ್ದಾರೆಯೇ, ಮೆಟ್ಟಿಲಿನ ಸುದ್ದಿ ಏನಾದರೂ ಇದೆಯೇ?" ಎಂದು ಎದುರು ಮನೆಯ ಅಕ್ಕ ಮೂರು ಸಲ ಓದಿಸಿಕೊಂಡರು.

ಮೂಲೆ ಮನೆಯ ಮಾಸ್ತರರು ಮಾತ್ರ ಹುರುಪಾದರು. ನಿವೃತ್ತಿಯ ನಂತರ ಅವರು ಕಾನೂನು ಓದಿಕೊಂಡಿದ್ದಾರೆ, ಪರೀಕ್ಷೆಗಲ್ಲ, ಪತ್ರಿಕೆಗೆ ಪತ್ರ ಬರೆಯಲು. ಕರ್ನಾಟಕ ಪುರಸಭೆಗಳ ಕಾಯ್ದೆ 1964ರದು, ಚರಂಡಿ ಮುಚ್ಚಿಕೊಂಡದ್ದನ್ನು ತೆರವು ಮಾಡಿಸುವ ಅಧಿಕಾರ ಪುರಸಭೆಗೆ ಇದ್ದೇ ಇದೆ ಎಂದು ಶುರು ಮಾಡಿದರು. ಸಾರ್ವಜನಿಕ ಉಪದ್ರವಕ್ಕೆ ಹಳೆಯ ದಂಡ ಸಂಹಿತೆಯಲ್ಲಿ ಇನ್ನೂರು ರೂಪಾಯಿಯವರೆಗೆ ಜುಲ್ಮಾನೆ ಇತ್ತು, 2024ರ ಜುಲೈನಿಂದ ನ್ಯಾಯ ಸಂಹಿತೆ ಬಂದ ಮೇಲೆ ಸಾವಿರದವರೆಗೆ ಏರಿದೆ ಎಂದರು. ಬೇಳೆ, ಎಣ್ಣೆ, ಗ್ಯಾಸಿನ ಜೊತೆಗೆ ಉಪದ್ರವವೂ ತುಟ್ಟಿಯಾದದ್ದು ನನಗೆ ಗೊತ್ತೇ ಇರಲಿಲ್ಲ.

"ಆದರೆ ನೀವು ಹೆದರಬೇಡಿ. ರತ್ಲಾಮ್ ಪ್ರಕರಣ ಇದೆ" ಎಂದು ಅವರು ಜಗಲಿಯ ಮೇಲೆ ಕುಳಿತೇಬಿಟ್ಟರು. ಮಧ್ಯಪ್ರದೇಶದ ರತ್ಲಾಮ್ ಊರಿನಲ್ಲಿ ತೆರೆದ ಚರಂಡಿ, ಗಬ್ಬು ನಾತ ತಾಳಲಾರದೆ ಒಂದು ವಾರ್ಡಿನ ಜನ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಅವರು ಚರಂಡಿ ಸರಿಪಡಿಸಿ ಎಂದು ಪುರಸಭೆಗೇ ಆದೇಶ ಕೊಟ್ಟರು. ನಮ್ಮಲ್ಲಿ ದುಡ್ಡಿಲ್ಲ ಎಂದು ಪುರಸಭೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ದುಡ್ಡಿಲ್ಲ ಎಂಬ ನೆಪ ನಡೆಯುವುದಿಲ್ಲ, ಚರಂಡಿ ಮಾಡಿಸುವುದು ನಿಮ್ಮ ಕರ್ತವ್ಯ ಎಂದು ತೀರ್ಪು ಕೊಟ್ಟರು. "ಅಂದರೆ ನೋಟಿಸು ಎರಡೂ ದಿಕ್ಕಿಗೆ ಹೋಗುತ್ತದೆ" ಎಂದು ಮಾಸ್ತರರು ಕಣ್ಣು ಮಿಟುಕಿಸಿದರು. ನಾನು ಜಲ್ಲಿಯ ರಾಶಿಯ ಕಡೆ ನೋಡಿದೆ. ಅವರು ತಕ್ಷಣ ಎದ್ದು ಹೊರಟರು.

ಎರಡು ದಿನ ಬಿಟ್ಟು ನಿರೀಕ್ಷಕರೇ ಅಳತೆ ಪಟ್ಟಿಯೊಂದಿಗೆ ಬಂದರು. ಚಪ್ಪಡಿ ರಸ್ತೆಯಲ್ಲಿದೆಯೋ ನಮ್ಮ ಜಾಗದಲ್ಲಿದೆಯೋ ಹೇಳಬೇಕಾದರೆ ರಸ್ತೆ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿರಬೇಕಲ್ಲ. ನಮ್ಮ ಹಳೆಯ ಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಹುಣಸೆಮರ ಎಂದಿದೆ. ಹುಣಸೆಮರ ನಾನು ಮದುವೆಯಾಗಿ ಬರುವುದರೊಳಗೆ ಸೌದೆಯಾಗಿತ್ತು. ನಕ್ಷೆಯಲ್ಲಿ ಬೀದಿಯ ಮೂಲೆಗೊಂದು ಬಾಂದು ಕಲ್ಲು ಗುರುತಿಸಿತ್ತು. ಅದನ್ನು ಹುಡುಕಲು ಬೀದಿಗೆ ಬೀದಿಯೇ ನೆರವಾಯಿತು. ಶೆಡ್ಡಿನವರು ತಮ್ಮ ಶೆಡ್ಡಿನ ಕಡೆ ಬಿಟ್ಟು ಉಳಿದೆಲ್ಲ ದಿಕ್ಕಿಗೂ ಅಧಿಕಾರಿಗಳನ್ನು ಕರೆದೊಯ್ದರು.

ಕಲ್ಲು ಕೊನೆಗೆ ಸಿಕ್ಕಿತು. ಎದುರು ಮನೆಯ ಹಿತ್ತಲಿನ ಬಚ್ಚಲ ಪಕ್ಕದಲ್ಲಿ ಅದು ಒಗೆಯುವ ಕಲ್ಲಾಗಿ ಮಲಗಿತ್ತು. ನಿರೀಕ್ಷಕರು ಕೈಕಾಲು ತೊಳೆಯಲು ಹೋಗದಿದ್ದರೆ ಅದು ಇನ್ನೂ ನೂರು ವರ್ಷ ಹಾಗೆಯೇ ಇರುತ್ತಿತ್ತು. ಒಂದು ಪಕ್ಕ ಸೀರೆ ಕುಕ್ಕಿ ಕುಕ್ಕಿ ನುಣುಪಾಗಿತ್ತು; ಇನ್ನೊಂದು ಪಕ್ಕದ ಸೋಪಿನ ಹೆಕ್ಕಳೆಯನ್ನು ಅವರು ಉಗುರಿನಿಂದ ಕೆರೆದಾಗ ಅಡ್ಡಗೆರೆ, ಉದ್ದಗೆರೆ, ಕೆಳಗೊಂದು ಅಂಕಿ, ಒಂದೊಂದೇ ಮೇಲೆದ್ದವು. "ಇದು ನಮ್ಮ ಅತ್ತೆಯವರ ಕಾಲದಿಂದಲೂ ಇಲ್ಲೇ ಇದೆ ಸಾರ್, ಕೊಳೆ ಚೆನ್ನಾಗಿ ಬಿಡುತ್ತದೆ" ಎಂದರು ಅಕ್ಕ. ಎದ್ದು ಬಂದ ಬಾಂದು ಕಲ್ಲಿನಿಂದ ಏನನ್ನು ಅಳೆಯಲು ಸಾಧ್ಯ? ಆದರೂ ನಿರೀಕ್ಷಕರು ಅದರ ಉದ್ದ, ಅಗಲ ಹಿಡಿದು ಪುಸ್ತಕದಲ್ಲಿ ಬರೆದುಕೊಂಡರು. ಪಟ್ಟಿ ಬಿಚ್ಚಿದ ಮೇಲೆ ಏನಾದರೂ ಅಳೆಯದೆ ಮಡಿಸುವುದು ಹೇಗೆ.

ಅಷ್ಟರಲ್ಲಿ ಚರಂಡಿಗೆ ಇಳಿದವರು ಪೌರಕಾರ್ಮಿಕರು. ಇಬ್ಬರು ಹಾರೆ ಹಾಕಿ ಚಪ್ಪಡಿಯನ್ನು ಮಗ್ಗುಲಿಗೆ ಸರಿಸಿದರು. ಕೆಳಗೆ ತೆಂಗಿನ ಕರಟ, ಎಡಗಾಲಿನ ಚಪ್ಪಲಿ, ಬಣ್ಣ ಕಳೆದುಕೊಂಡ ಕ್ರಿಕೆಟ್ ಚೆಂಡುಗಳು ಇದ್ದವು. ನೀರು ಮಾತ್ರ ಹರಿಯುತ್ತಿತ್ತು. "ಇಲ್ಲೇನೂ ಕಟ್ಟಿಕೊಂಡಿಲ್ಲ, ನೀವು ಆ ಕಡೆ ಬನ್ನಿ" ಎಂದು ಅವರಲ್ಲಿ ಹಿರಿಯ ಹೆಂಗಸು ಬೀದಿಯ ತುದಿಗೆ ನಡೆದರು. ಅಲ್ಲಿ ಮೋರಿಯ ಬಾಯಿಗೆ ಅಡ್ಡಲಾಗಿ ಕುಡಿಯುವ ನೀರಿನ ಪೈಪು ಹಾದುಹೋಗಿತ್ತು. ಪ್ಲಾಸ್ಟಿಕ್ ಚೀಲ, ಹರಿದ ಲಂಗ, ಗಣಪತಿಯ ಮಂಟಪದ ಬಾಳೆದಿಂಡು, ಎಲ್ಲವೂ ಅದನ್ನು ತಬ್ಬಿಕೊಂಡು ಅಣೆಕಟ್ಟು ಕಟ್ಟಿದ್ದವು. ಪೈಪು ಪುರಸಭೆಯದು. ನಿರೀಕ್ಷಕರು ಅದನ್ನು ಬಹಳ ಹೊತ್ತು ನೋಡಿದರು. ಮಾಸ್ತರರು "ರತ್..." ಎಂದು ಬಾಯಿ ತೆರೆದರು, ನಿರೀಕ್ಷಕರು ಜಲ್ಲಿಯ ಕಡೆ ತಿರುಗಿದರು, ಮಾಸ್ತರರು ಕೆಮ್ಮಿದರು. ಪುರಸಭೆಯ ದೋಸೆಯೂ ನಮ್ಮ ಕಾವಲಿಯ ಮೇಲೇ ಹುಯ್ದದ್ದು ಎಂದು ತಿಳಿದ ಆ ಗಳಿಗೆಯಿಂದ ಬೀದಿಗೆ ನಿರೀಕ್ಷಕರ ಮೇಲೆ ಅಭಿಮಾನ ಹುಟ್ಟಿತು.

ಆದರೆ ಕಡತ ತೆರೆದಾಗಿತ್ತು. ತೆರೆದ ಕಡತವನ್ನು ಮುಚ್ಚಲು ಖಾತೆದಾರರ ಸಮಜಾಯಿಷಿ ಬೇಕು, ಖಾತೆದಾರರು ಗೋಡೆಯ ಮೇಲಿದ್ದಾರೆ. ನಾನು ಕಚೇರಿಗೆ ಹೋದೆ. "ಪೌತಿ ಖಾತೆ ಯಾಕೆ ಮಾಡಿಸಿಲ್ಲ?" ಎಂದು ವಿಷಯ ನಿರ್ವಾಹಕರು ಗದರಿದರು. ನಾನು ತೆರಿಗೆ ರಸೀದಿಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟೆ. ಮಾವನವರು ತೀರಿಕೊಂಡ ಮೇಲೂ ಪ್ರತಿ ಏಪ್ರಿಲಿನಲ್ಲಿ, ಶೇಕಡಾ ಐದರ ರಿಯಾಯಿತಿ ತಪ್ಪಬಾರದೆಂದು, ಅವರ ಹೆಸರಿನಲ್ಲೇ ಕಟ್ಟುತ್ತ ಬಂದಿದ್ದೇವೆ. ದುಡ್ಡು ತೆಗೆದುಕೊಳ್ಳುವಾಗ ಯಾರೂ ಫೋಟೋದ ಕಡೆ ನೋಡಿರಲಿಲ್ಲ. ವಿಷಯ ನಿರ್ವಾಹಕರು ರಸೀದಿಗಳನ್ನು ತಿರುವಿ ಹಾಕಿ, ಸ್ವರ ಇಳಿಸಿ, "ಕುಳಿತುಕೊಳ್ಳಿ ಅಮ್ಮಾ" ಎಂದರು.

ಬೇಕಾದ ದಾಖಲೆಗಳು: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ವಾರಸುದಾರರೆಲ್ಲರ ಒಪ್ಪಿಗೆ. ವಂಶವೃಕ್ಷ ಬರೆಯುತ್ತ ಹೋದಂತೆ ಅದು ನಿಜಕ್ಕೂ ಕೊಂಬೆ ಬಿಟ್ಟಿತು. ಹೆಣ್ಣುಮಕ್ಕಳಿಗೂ ಸಮಪಾಲು, ಕರ್ನಾಟಕದಲ್ಲಿ ಅದಕ್ಕೆ ತಿದ್ದುಪಡಿ 1994ರಲ್ಲೇ ಬಂತು, ದೇಶಕ್ಕೆ 2005ರಲ್ಲಿ. ನ್ಯಾಯವೇ. ಹುಬ್ಬಳ್ಳಿಯ ನಾದಿನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, "ಹಾಗಾದರೆ ಚಪ್ಪಡಿಯಲ್ಲೂ ನನ್ನ ಪಾಲಿದೆಯೇ ಅತ್ತಿಗೆ?" ಎಂದಳು. ಇದೆ ಎಂದೆ. ಜುಲ್ಮಾನೆಯಲ್ಲೂ ಇದೆ ಎಂದ ಮೇಲೆ ಸಹಿ ಬೇಗ ಬಂತು.

ಈಗ ಎಲ್ಲವೂ ಇ-ಖಾತೆ. ಅದಿಲ್ಲದೆ ಪಟ್ಟಣದ ಆಸ್ತಿ ನೋಂದಣಿಯೂ ಆಗುವುದಿಲ್ಲ. ಹೊಸ ಖಾತೆಗೆ ಮನೆಯ ಮುಂಭಾಗದ ಫೋಟೋ ಬೇಕೆಂದು ಅದೇ ಹುಡುಗ ಬಂದ. ಚಪ್ಪಡಿ ಅಷ್ಟರಲ್ಲಿ ತನ್ನ ಸ್ಥಾನಕ್ಕೆ ಮರಳಿತ್ತು. ಹಾಗೇ ಬಿಟ್ಟರೆ ದನ ಬೀಳುತ್ತದೆಂದು ಪೌರಕಾರ್ಮಿಕರೇ ಮುಚ್ಚಿ ಹೋಗಿದ್ದರು. ಹುಡುಗ ಎದುರು ಮನೆಯ ಮೆಟ್ಟಿಲಿನ ಮೇಲೆ ನಿಂತು, ಹಿಂದೆ ಹಿಂದೆ ಸರಿದು, ಮನೆ ಪೂರ್ತಿ ಬರುವಂತೆ ಫೋಟೋ ತೆಗೆದ.

ಖಾತೆ ಕೈಗೆ ಬಂದಿದೆ. ಯಜಮಾನರ ಹೆಸರು ಸರಿಯಾಗಿದೆ, ಅಳತೆಯೂ ಸರಿಯಾಗಿದೆ. ಸರ್ಕಾರದ ಮುದ್ರಾಂಕಿತ ಫೋಟೋದಲ್ಲಿ ನಮ್ಮ ಮನೆ, ಗೇಟು, ಗೇಟಿನ ಮುಂದೆ ಎರಡೂ ಚಪ್ಪಡಿ, ಚಪ್ಪಡಿಯ ಮೇಲೆ ಪುರಸಭೆಯ ಹುಡುಗನ ಬೈಕು, ನೋಂದಣಿ ಸಂಖ್ಯೆ ಓದುವಷ್ಟು ಸ್ಪಷ್ಟವಾಗಿ ಬಂದಿವೆ. ಯಜಮಾನರು ಕನ್ನಡಕ ಏರಿಸಿ ನೋಡಿ, "ಈ ಬೈಕಿಗೂ ನಾವೇ ತೆರಿಗೆ ಕಟ್ಟಬೇಕಾದೀತೇ?" ಎಂದು ಕೇಳುತ್ತಿದ್ದಾರೆ. ಏಪ್ರಿಲಿನಲ್ಲಿ ವಿಚಾರಿಸುತ್ತೇನೆ ಎಂದಿದ್ದೇನೆ.