ಎಗರಿಸಿ ತಂದ ತಂಡಗಳು

ನಮ್ಮ ಮನೆಯ ಗ್ಯಾರೇಜಿನ ಕಪಾಟಿನಲ್ಲಿ, ಖಾಲಿ ಬಣ್ಣದ ಡಬ್ಬಿಗಳ ನಡುವೆ, ಒಂದು ಪ್ಲಾಸ್ಟಿಕ್ ಲೋಟದ ತುಂಬ ಕಂದು ಮಣ್ಣಿದೆ. ಮನೆಯಾಕೆ ಎರಡು ಸಲ ಅದನ್ನು ತುಳಸಿ ಕುಂಡಕ್ಕೆ ಸುರಿಯಲು ಹೊರಟಿದ್ದಳು, ಎರಡು ಸಲವೂ ಓಡಿಹೋಗಿ ತಡೆದೆ. "ಮಣ್ಣಿಗೂ ಇಷ್ಟೊಂದು ಮಡಿಯೇ?" ಎಂದು ಕೇಳಿದಳು. ಅದು ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಕೊಲಿಸಿಯಂ ಮೈದಾನದ ಮಣ್ಣು. 2024ರ ಸೆಪ್ಟೆಂಬರ್ 26ರಂದು ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ ಅಲ್ಲಿ ಕೊನೆಯ ಆಟ ಆಡಿತು. ಟೆಕ್ಸಸ್ ರೇಂಜರ್ಸ್ ತಂಡವನ್ನು 3–2ರಿಂದ ಸೋಲಿಸಿ, ಊರು ಬಿಟ್ಟು ಹೊರಟಿತು.

ಅಂದು ಮಧ್ಯಾಹ್ನ ನಾನೂ ಮಗಳೂ ಫ್ರೀಮಾಂಟಿನಿಂದ ಬಾರ್ಟ್ ರೈಲಿನಲ್ಲಿ ಹೋಗಿದ್ದೆವು. ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಒಂದು ಉದ್ದನೆಯ ಕಾಲುಸೇತುವೆಯಿದೆ. ಎರಡೂ ಕಡೆ ಮುಳ್ಳುತಂತಿ, ಕೆಳಗೆ ಕೊಳಚೆ ಕಾಲುವೆ. ಚೆಂದ ಎನ್ನಲು ಅಲ್ಲಿ ಏನೂ ಇಲ್ಲ. ಆದರೆ ಆಟದ ದಿನ ಆ ಸೇತುವೆಯ ಮೇಲೆ ಟೋಪಿ ಮಾರುವವರು, ನೀರಿನ ಬಾಟಲಿಯವರು, ಈರುಳ್ಳಿ ಬಾಡಿಸಿ ಸಾಸೇಜ್ ಸುಡುವವರು, ಹುರಿದ ಕಡಲೇಕಾಯಿಯ ಪೊಟ್ಟಣ ಹಿಡಿದು ಕೂಗುವವರು ಸಾಲಾಗಿ ನಿಂತಿರುತ್ತಿದ್ದರು. ಬಸವನಗುಡಿಯಲ್ಲಿ ಬೆಳೆದವನಿಗೆ ಇನ್ನೇನು ಬೇಕು? ಪರಿಷೆಯೇ ಅದು. ಕ್ರಿಕೆಟ್ ಹುಚ್ಚಿನ ನಾನು ಬೇಸ್‌ಬಾಲನ್ನು ಮೊದಮೊದಲು ಚಿನ್ನಿದಾಂಡಿಗೆ ಪ್ಯಾಂಟು ತೊಡಿಸಿದ ಆಟ ಎಂದು ಗೇಲಿ ಮಾಡುತ್ತಿದ್ದೆ. ನನ್ನನ್ನು ಆ ಆಟಕ್ಕೆ ಒಲಿಸಿದ್ದು ಸಿಪ್ಪೆ ಸಮೇತದ ಕಡಲೇಕಾಯಿ. ಸಿಪ್ಪೆಯನ್ನು ಕಾಲಡಿಗೆ ಬಿಸಾಡಲು ಅನುಮತಿಯಿರುವ ಜಾಗ ಅಮೆರಿಕದಲ್ಲಿ ಬೇರೆ ಎಲ್ಲಿದೆ?

ಆ ದಿನ 46,889 ಜನ ಸೇರಿದ್ದರು. ಆಟ ಮುಗಿದ ಮೇಲೆ ತಂಡದ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಜನಕ್ಕೆ ಧನ್ಯವಾದ ಹೇಳಿದರು. ಮೈದಾನದ ಕೆಲಸಗಾರರು ಬೇಲಿಯಂಚಿಗೆ ಬಂದು ಕೈಚಾಚಿದವರ ಲೋಟಗಳಿಗೆ ಮಣ್ಣು ತುಂಬಿಸಿಕೊಟ್ಟರು. ನನ್ನ ಮುಂದಿದ್ದ ಒಬ್ಬ ಮುದುಕರು, ಎಂಬತ್ತರ ಹತ್ತಿರದವರು, ಕನ್ನಡಕದ ಡಬ್ಬಿಯನ್ನೇ ತೆರೆದು ಒಡ್ಡಿದರು. ಕನ್ನಡಕ ಜೇಬಿಗೆ, ಮಣ್ಣು ಡಬ್ಬಿಗೆ.

ಈ ಬರಹ ಗೋಳಾಟಕ್ಕೆ ಅಲ್ಲ. ಆವತ್ತಿನಿಂದ ನನಗೊಂದು ತಕರಾರು ಹುಟ್ಟಿಕೊಂಡಿದೆ. ಅದು ಅರ್ಧ ಮಾಲೀಕರ ಮೇಲೆ, ಅರ್ಧ ನಮ್ಮ ಮೇಲೆಯೇ.

ನಮ್ಮ ಮೇಲೆ ಏಕೆಂದರೆ, ಕ್ಯಾಲಿಫೋರ್ನಿಯಾದ ದೊಡ್ಡ ತಂಡಗಳಲ್ಲಿ ಹೆಸರುವಾಸಿಯಾದ ಮೂರೂ ಬೇರೆ ಊರುಗಳಿಂದ ಎಗರಿಸಿ ತಂದವು. ಲಾಸ್ ಏಂಜಲೀಸಿನ ಡಾಡ್ಜರ್ಸ್ ಬ್ರೂಕ್ಲಿನ್ನಿನದು, ಸ್ಯಾನ್ ಫ್ರಾನ್ಸಿಸ್ಕೊದ ಜೈಂಟ್ಸ್ ನ್ಯೂಯಾರ್ಕಿನದು. ಇನ್ನು ನಾವು "ನಮ್ಮ ಓಕ್ಲೆಂಡ್" ಎಂದು ಎದೆ ಬಡಿದುಕೊಂಡ ಅಥ್ಲೆಟಿಕ್ಸ್ 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋಗಿ, 1968ರಲ್ಲಿ ಇಲ್ಲಿಗೆ ಬಂದದ್ದು. ಆಗ ಕ್ಯಾನ್ಸಸ್ ಸಿಟಿಯ ಜನ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಮಾಲೀಕ ಚಾರ್ಲಿ ಫಿನ್ಲಿಯ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಮಿಸ್ಸೂರಿಯ ಸೆನೆಟರ್ ಸ್ಟುವರ್ಟ್ ಸಿಮಿಂಗ್ಟನ್ ಅವರು ಹಿರೋಶಿಮಾದ ನಂತರ ಇಂಥ ಅದೃಷ್ಟ ಒಲಿದ ಊರು ಓಕ್ಲೆಂಡ್ ಒಂದೇ ಎಂದು ಕುಟುಕಿದ್ದರು. ಕ್ರೂರ ಮಾತು. ಆದರೆ ಮುನಿದ ಮನೆಯವರ ಮಾತು ಹಾಗೆಯೇ ಇರುತ್ತದೆ.

ಇನ್ನೊಂದು ಸಂಗತಿ ನಮ್ಮ ಕನ್ನಡ ಬಳಗದಲ್ಲಿ ಹೇಳಿದರೆ ಹೆಚ್ಚಿನವರು ಹುಬ್ಬೇರಿಸುತ್ತಾರೆ. ದೊಡ್ಡ ತಂಡಗಳು ಬರುವ ಮೊದಲು ಈ ರಾಜ್ಯದಲ್ಲಿ ವೃತ್ತಿಪರ ಬೇಸ್‌ಬಾಲ್ ಇತ್ತು, ಭರ್ಜರಿಯಾಗಿಯೇ ಇತ್ತು. 1903ರಲ್ಲಿ ಪೆಸಿಫಿಕ್ ಕೋಸ್ಟ್ ಲೀಗ್ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ಸ್ಯಾಕ್ರಮೆಂಟೊ, ಲಾಸ್ ಏಂಜಲೀಸ್, ಉತ್ತರದಲ್ಲಿ ಪೋರ್ಟ್‌ಲೆಂಡ್ ಮತ್ತು ಸಿಯಾಟಲ್. ಮೇಜರ್ ಲೀಗಿನ, ಅಂದರೆ ದೇಶದ ಅತಿ ದೊಡ್ಡ ಪಂದ್ಯಾವಳಿಯ, ತಂಡಗಳು ದಶಕಗಳ ಕಾಲ ಸೇಂಟ್ ಲೂಯಿಸ್ ದಾಟಿ ಪಶ್ಚಿಮಕ್ಕೆ ಬರಲೇ ಇಲ್ಲ. ರೈಲಿನಲ್ಲಿ ದಿನಗಟ್ಟಲೆ ಪಯಣಿಸಿ ಇಲ್ಲಿ ಆಡಿ ಹೋಗುವುದು ಆಗದ ಮಾತಾಗಿತ್ತು. ಹಾಗಾಗಿ ಈ ಕರಾವಳಿ ತನ್ನ ಆಟವನ್ನು ತಾನೇ ಬೆಳೆಸಿಕೊಂಡಿತು. ಇಲ್ಲಿ ಚಳಿಗಾಲ ಮೆತ್ತಗೆ. ಪೂರ್ವದವರು 154 ಆಟ ಆಡುತ್ತಿದ್ದರೆ ಇವರು ಕೆಲವು ವರ್ಷ 200ಕ್ಕೂ ಹೆಚ್ಚು ಆಡುತ್ತಿದ್ದರು. ಊರಿಂದೂರಿಗೆ ದೂರವಾದ್ದರಿಂದ ಬಂದ ತಂಡ ಮಂಗಳವಾರದಿಂದ ಭಾನುವಾರದವರೆಗೆ ಅಲ್ಲೇ ಠಿಕಾಣಿ ಹೂಡುತ್ತಿತ್ತು, ಸೋಮವಾರ ರೈಲು ಹತ್ತುತ್ತಿತ್ತು. ಒಂದೇ ಎದುರಾಳಿಯನ್ನು ವಾರಪೂರ್ತಿ ನೋಡುವ ಆ ಸುಖವನ್ನು ಯೋಚಿಸಿ. ಬುಧವಾರ ಬೈಸಿಕೊಂಡ ಪಿಚರ್, ಅಂದರೆ ಚೆಂಡೆಸೆಯುವವನು, ಭಾನುವಾರ ಮತ್ತೆ ಎದುರಿಗೆ.

ಈ ಲೀಗಿನಲ್ಲಿ ಪಳಗಿದವರು ಯಾರು ಯಾರು! ಸ್ಯಾನ್ ಫ್ರಾನ್ಸಿಸ್ಕೊ ಸೀಲ್ಸ್ ತಂಡದಲ್ಲಿ ಮೀನುಗಾರನ ಮಗ ಜೋ ಡಿಮ್ಯಾಜಿಯೊ 1933ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಬೆನ್ನುಬೆನ್ನಿಗೆ 61 ಆಟಗಳಲ್ಲಿ ಹಿಟ್ ಹೊಡೆದ, ಅಂದರೆ ಚೆಂಡು ಬಾರಿಸಿ ಬೇಸ್ ಮುಟ್ಟಿದ. ಎಂಟು ವರ್ಷಗಳ ನಂತರ ನ್ಯೂಯಾರ್ಕಿನ ಯಾಂಕೀಸ್ ತಂಡದ ಪರ 56 ಆಟಗಳಲ್ಲಿ ಹೊಡೆದು ಜಗತ್ಪ್ರಸಿದ್ಧನಾದ. ಆದರೆ ನಮ್ಮ ಊರಿನ ಲೆಕ್ಕ ಅದಕ್ಕಿಂತ ಐದು ಹೆಚ್ಚು. ಅವನ ಅಪ್ಪನಿಗೆ ಮಗ ದೋಣಿಗೆ ಬರಲಿ ಎಂಬ ಆಸೆ, ಮಗನಿಗೆ ಮೀನಿನ ವಾಸನೆ ಆಗದು. ಮೂವರು ಅಣ್ಣತಮ್ಮಂದಿರೂ ಸೀಲ್ಸ್ ಪರ ಆಡಿದರು. ಸ್ಯಾನ್ ಡಿಯೇಗೊದಲ್ಲಿ ಟೆಡ್ ವಿಲಿಯಮ್ಸ್, ಅದೂ ತನ್ನ ಹುಟ್ಟೂರಿನ ಪ್ಯಾಡ್ರೆಸ್ ತಂಡದಲ್ಲಿ. ಓಕ್ಲೆಂಡ್ ಓಕ್ಸ್ ತಂಡಕ್ಕೆ 1948ರಲ್ಲಿ ಕೇಸಿ ಸ್ಟೆಂಗಲ್ ಮ್ಯಾನೇಜರ್. ವಯಸ್ಸಾದವರನ್ನೇ ಕಟ್ಟಿಕೊಂಡು ಲೀಗ್ ಗೆದ್ದ ಆ ತಂಡವನ್ನು "ಒಂಬತ್ತು ಮುದುಕರು" ಎಂದೇ ಜನ ಕರೆದರು.

ಆ ಕಾಲವನ್ನು ಚಿನ್ನದ ಕಾಲ ಎಂದು ಹೇಳಲಾರೆ. 1916ರಲ್ಲಿ ಇದೇ ಓಕ್ಸ್ ತಂಡಕ್ಕೆ ಜಿಮ್ಮಿ ಕ್ಲಾಕ್ಸ್‌ಟನ್ ಎಂಬ ಎಡಗೈ ಪಿಚರ್ ಸೇರಿದ. ಕಪ್ಪು ಜನಾಂಗದ ರಕ್ತವಿದ್ದ ಅವನನ್ನು ಅಮೆರಿಕದ ಮೂಲನಿವಾಸಿ ಎಂದು ಪರಿಚಯಿಸಿದ್ದರು. ಒಂದು ದಿನ ಆಡಿದ. ವಾರದೊಳಗೆ ತಂಡದಿಂದ ಹೊರಬಿದ್ದ. ಆದರೆ ಆ ಕೆಲವೇ ದಿನಗಳಲ್ಲಿ ಮಿಠಾಯಿ ಕಂಪನಿಯೊಂದರ ಫೋಟೋಗ್ರಾಫರ್ ಬಂದು ಆಟಗಾರರ ಚಿತ್ರ ತೆಗೆದುಕೊಂಡು ಹೋಗಿದ್ದ. ಮಿಠಾಯಿಯ ಜೊತೆಗೆ ಕೊಡುವ ಪುಟ್ಟ ಕಾರ್ಡಿನಲ್ಲಿ ಅವನ ಮುಖ ಅಚ್ಚಾಯಿತು. ಅಮೆರಿಕದ ಬೇಸ್‌ಬಾಲ್ ಕಾರ್ಡಿನಲ್ಲಿ ಕಾಣಿಸಿಕೊಂಡ ಮೊದಲ ಕಪ್ಪು ಆಟಗಾರ ಅವನೇ. ಮೈದಾನದಿಂದ ಒರೆಸಿಹಾಕಿದವನನ್ನು ಮಿಠಾಯಿ ಪೊಟ್ಟಣ ಉಳಿಸಿತು.

ಇಷ್ಟೆಲ್ಲ ಇದ್ದ ಲೀಗು ಏನಾಯಿತು? ವಿಮಾನ ಪ್ರಯಾಣ ಬಂತು. 1958ರ ಏಪ್ರಿಲ್ 15ರಂದು ಸ್ಯಾನ್ ಫ್ರಾನ್ಸಿಸ್ಕೊದ ಸೀಲ್ಸ್ ಸ್ಟೇಡಿಯಂನಲ್ಲೇ ಜೈಂಟ್ಸ್ ತಂಡ ಡಾಡ್ಜರ್ಸ್ ತಂಡವನ್ನು 8–0ಯಿಂದ ಸೋಲಿಸಿತು. ಪಶ್ಚಿಮ ಕರಾವಳಿಯ ಮೊದಲ ಮೇಜರ್ ಲೀಗ್ ಆಟ. ಊರೆಲ್ಲ ಹಬ್ಬ. ಮನೆಯ ಹಳೆಯ ಮಗ ಸೀಲ್ಸ್ ಆ ಹೊತ್ತಿಗೆ ಗಂಟುಮೂಟೆ ಕಟ್ಟಿಯಾಗಿತ್ತು. ಹಾಲಿವುಡ್ ಸ್ಟಾರ್ಸ್ ತಂಡ ಸಾಲ್ಟ್ ಲೇಕ್ ಸಿಟಿಗೆ ಹೋಯಿತು. ಓಕ್ಸ್ 1955ರ ನಂತರವೇ ವ್ಯಾಂಕೂವರ್‌ಗೆ ಹೋಗಿತ್ತು. ಸ್ಯಾಕ್ರಮೆಂಟೊದ ಸೋಲನ್ಸ್ 1960ರ ನಂತರ ಹವಾಯಿಗೆ. ಅವರ ಮೈದಾನವಿದ್ದ ಕಡೆ ಈಗ ಟಾರ್ಗೆಟ್ ಅಂಗಡಿಯಿದೆ. ಸೀಲ್ಸ್ ಸ್ಟೇಡಿಯಂ ಕೆಡವಿದಾಗ ಅದರ ದೀಪದ ಕಂಬಗಳನ್ನೂ ಆಸನಗಳನ್ನೂ ವಾಷಿಂಗ್ಟನ್ ರಾಜ್ಯದ ಟಕೋಮಾಕ್ಕೆ ಸಾಗಿಸಿ, ಅಲ್ಲಿನ ಹೊಸ ಮೈದಾನಕ್ಕೆ ಹಾಕಿಕೊಂಡರು. ಹಳೆಯ ಮನೆಯ ತೊಲೆ, ಬಾಗಿಲು ಹರಾಜಿಗೆ ಹೋದಂತೆ.

ಹೆಸರೂ ಉಳಿಯಲಿಲ್ಲ ಎನ್ನುವಂತಿಲ್ಲ, ಹೆಸರು ಮಾತ್ರ ಉಳಿಯಿತು. 1961ರಲ್ಲಿ ಹುಟ್ಟಿದ ಏಂಜಲ್ಸ್, 1969ರಲ್ಲಿ ಹುಟ್ಟಿದ ಪ್ಯಾಡ್ರೆಸ್ ಎರಡೂ ಹಳೆಯ ತಂಡಗಳ ಹೆಸರನ್ನೇ ತೊಟ್ಟುಕೊಂಡವು. ಏಂಜಲ್ಸ್ ಕಥೆಯಂತೂ ನಗೆಪಾಟಲು. 1966ರಿಂದ ಆಡುವುದು ಅನಹೈಮ್‌ನಲ್ಲಿ. 2005ರಲ್ಲಿ ಮಾಲೀಕರು ಇಟ್ಟ ಹೆಸರು "ಅನಹೈಮಿನ ಲಾಸ್ ಏಂಜಲೀಸ್ ಏಂಜಲ್ಸ್". ಸ್ಪ್ಯಾನಿಷ್ ಬಲ್ಲವರ ಕಿವಿಗೆ ಅದು "ಅನಹೈಮಿನ ದೇವದೂತರ ದೇವದೂತರು". ತುಮಕೂರಿನಲ್ಲಿ ಅಂಗಡಿಯಿಟ್ಟು "ಬೆಂಗಳೂರು ಸ್ಟೋರ್ಸ್" ಎಂದು ಫಲಕ ಹಾಕಿದ ಹಾಗೆ. ಊರಿನವರು ಕೋರ್ಟಿಗೆ ಹೋಗಿ ಸೋತರು.

ಲಾಸ್ ಏಂಜಲೀಸಿನಲ್ಲಿ ಬೆಲೆ ತೆತ್ತವರು ಇನ್ನೂ ಬೇರೆ. ಡಾಡ್ಜರ್ ಸ್ಟೇಡಿಯಂ ಇರುವ ಚಾವೆಸ್ ರವೀನ್ ಗುಡ್ಡಗಳಲ್ಲಿ ಮೆಕ್ಸಿಕನ್ ಮೂಲದ ಕುಟುಂಬಗಳು ಕೋಳಿ, ಮೇಕೆ ಸಾಕಿಕೊಂಡು ಬದುಕಿದ್ದವು. 1950ರ ದಶಕದ ಆರಂಭದಲ್ಲಿ ಸರ್ಕಾರಿ ವಸತಿ ಯೋಜನೆಗೆಂದು ಅವರನ್ನು ಎಬ್ಬಿಸಲು ಹೊರಟರು. ಯೋಜನೆ ರದ್ದಾಯಿತು, ಜಾಗ ವಾಪಸ್ಸು ಹೋಗಲಿಲ್ಲ, ಡಾಡ್ಜರ್ಸ್‌ಗೆ ಹೋಯಿತು. ಬಿಡದೆ ಕುಳಿತಿದ್ದ ಅರೆಚಿಗಾ ಕುಟುಂಬವನ್ನು 1959ರ ಮೇ 8ರಂದು ಪೊಲೀಸರು ಹೊರದಬ್ಬಿದರು. ಮನೆಮಗಳು ಅರೋರಾ ವಾರ್ಗಸ್‌ಳನ್ನು ಕೈಕಾಲು ಹಿಡಿದು ಮೆಟ್ಟಿಲಿಳಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಆ ನಂತರ ಬುಲ್ಡೋಜರ್. 1962ರಲ್ಲಿ ಕ್ರೀಡಾಂಗಣ ತೆರೆಯಿತು. 1981ರಲ್ಲಿ ಮೆಕ್ಸಿಕೊದ ಹಳ್ಳಿಹುಡುಗ ಫೆರ್ನಾಂಡೊ ವ್ಯಾಲೆನ್ಸುವೆಲಾ ಅದೇ ಗುಡ್ಡದ ಮೇಲೆ ಆಕಾಶ ನೋಡಿಕೊಂಡು ಚೆಂಡೆಸೆದಾಗ, ಇಪ್ಪತ್ತು ವರ್ಷ ಅತ್ತ ತಲೆ ಹಾಕದ ಎಷ್ಟೋ ಮೆಕ್ಸಿಕನ್ ಮನೆಗಳು ಟಿಕೆಟ್ ಕೊಂಡವು. ಅವರನ್ನು ಮರೆಗುಳಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಓಕ್ಲೆಂಡಿಗೆ ಮರಳುತ್ತೇನೆ. ಇಲ್ಲಿ 57 ಋತು ಆಡಿದ ತಂಡ ನಾಲ್ಕು ಸಲ ವಿಶ್ವ ಸರಣಿ ಗೆದ್ದಿತು, ಅದರಲ್ಲಿ 1972, 73, 74 ಸಾಲಾಗಿ ಮೂರು. ಫಿನ್ಲಿ ಮೀಸೆ ಬಿಟ್ಟ ಆಟಗಾರರಿಗೆ 300 ಡಾಲರ್ ಇನಾಮು ಕೊಟ್ಟ. ಇದೇ ಊರಿನ ಹುಡುಗ ರಿಕಿ ಹೆಂಡರ್ಸನ್ 1982ರಲ್ಲಿ 130 ಬೇಸ್ ಕದ್ದ, ಅಂದರೆ ಪಿಚರ್ ಚೆಂಡೆಸೆಯುವಷ್ಟರಲ್ಲಿ ಮುಂದಿನ ಬೇಸಿಗೆ ಓಡಿ ಮುಟ್ಟಿದ. ಆ ದಾಖಲೆಯ ಹತ್ತಿರಕ್ಕೂ ಇಂದಿನವರು ಸುಳಿದಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಾವು ಎದ್ದು ಕುಳಿತು ಮಾಡುವ "ಮೆಕ್ಸಿಕನ್ ವೇವ್" ಇದೆಯಲ್ಲ, ಟಿವಿಯಲ್ಲಿ ದಾಖಲಾದ ಅದರ ಮೊದಲ ಅಲೆ ಎದ್ದದ್ದು ಮೆಕ್ಸಿಕೊದಲ್ಲಲ್ಲ, 1981ರ ಅಕ್ಟೋಬರ್ 15ರಂದು ಇದೇ ಕೊಲಿಸಿಯಂನಲ್ಲಿ. ಎಬ್ಬಿಸಿದವನು ಡೋಲು ಬಡಿಯುತ್ತ ತಿರುಗುತ್ತಿದ್ದ ಕ್ರೇಜಿ ಜಾರ್ಜ್. ಮುಂದಿನ ಸಲ ಕೈ ಎತ್ತುವಾಗ ಓಕ್ಲೆಂಡನ್ನು ನೆನೆಯಿರಿ.

"ಜನ ಬರಲಿಲ್ಲ, ಹಾಗಾಗಿ ಹೋದರು" ಎನ್ನುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಆಟಗಾರರನ್ನೆಲ್ಲ ಮಾರಿ, ಟಿಕೆಟ್ ದರ ಏರಿಸಿ, ಚರಂಡಿ ಉಕ್ಕುವ ಕ್ರೀಡಾಂಗಣದಲ್ಲಿ ಕೂರಿಸಿ, ಆಮೇಲೆ ಖಾಲಿ ಆಸನ ಎಣಿಸಿದರೆ ಅದು ಯಾರ ತಪ್ಪು? 2023ರ ಜೂನ್ 13ರಂದು ಜನ ತಾವೇ ಒಗ್ಗೂಡಿ, ತಂಡವನ್ನು "ಮಾರಿಬಿಡು" ಎಂದು ಮಾಲೀಕರಿಗೆ ಬರೆದ ಹಸಿರು ಅಂಗಿ ತೊಟ್ಟು, ವಾರದ ಮಧ್ಯದ ಸಾಧಾರಣ ಆಟಕ್ಕೆ 27,759 ಮಂದಿ ಬಂದು ಕುಳಿತರು. ಅದೇ ವಾರ ನೆವಾಡಾ ರಾಜ್ಯ, ತಂಡ ಹೋಗಲಿರುವ ಲಾಸ್ ವೇಗಸ್ಸಿನ ಹೊಸ ಕ್ರೀಡಾಂಗಣಕ್ಕೆ 380 ಮಿಲಿಯನ್ ಡಾಲರ್‌ವರೆಗೆ ಸಾರ್ವಜನಿಕ ಹಣ ಮಂಜೂರು ಮಾಡಿತು. ಕೊಲ್ಲಿಯ ಆಚೆ ದಡದಲ್ಲಿ ಜೈಂಟ್ಸ್ 2000ದಲ್ಲಿ ತೆರೆದ ಮೈದಾನವನ್ನು ಬಹುಪಾಲು ಖಾಸಗಿ ಹಣದಲ್ಲಿ ಕಟ್ಟಿದ್ದನ್ನು ಇಲ್ಲಿ ನೆನಪಿಸಬೇಕು. ಆಗುವುದಿಲ್ಲ ಎಂಬುದು ಸುಳ್ಳು.

ಕಳೆದ ಯುಗಾದಿಯ ಊಟದಲ್ಲಿ ಈ ಮಾತೆತ್ತಿದಾಗ ಎದುರಿಗೆ ಕುಳಿತಿದ್ದ ಸ್ನೇಹಿತರು ಒಬ್ಬಟ್ಟು ಮುರಿಯುತ್ತ ಕೇಳಿದರು: "ಅಲ್ಲ ಸ್ವಾಮಿ, ನೀವೂ ಹೆಚ್ಚು ಸಂಬಳಕ್ಕೆ ಬಸವನಗುಡಿ ಬಿಟ್ಟು ಬಂದವರೇ. ತಂಡ ಮಾಡಿದರೆ ತಪ್ಪೇ?" ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ತುತ್ತು ಮಾತ್ರ ಗಂಟಲಲ್ಲಿ ನಿಂತಿತು. ಉತ್ತರ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ, ಎಂದಿನಂತೆ ತಡವಾಗಿ. ನಾನು ಊರು ಬಿಟ್ಟೆ, ನಿಜ. ಆದರೆ ಬಿಡುವ ಮೊದಲು ಪಾಲಿಕೆಯವರನ್ನು ಕರೆದು, ತೆರಿಗೆ ಹಣದಲ್ಲಿ ನನಗೊಂದು ಮಹಡಿ ಮನೆ ಕಟ್ಟಿಸದಿದ್ದರೆ ಹೋಗಿಬಿಡುತ್ತೇನೆ ಎಂದು ಹೆದರಿಸಿರಲಿಲ್ಲ. ಕರ್ನಾಟಕದ ರಣಜಿ ತಂಡವನ್ನು ಯಾರಾದರೂ ಮೂಟೆ ಕಟ್ಟಿ ಇಂದೋರಿಗೆ ಸಾಗಿಸಬಲ್ಲರೇ? 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಮೈಸೂರು ತಂಡ ಕರ್ನಾಟಕ ತಂಡವಾಯಿತು. ಅಲ್ಲಿ ತಂಡ ರಾಜ್ಯವನ್ನು ಹಿಂಬಾಲಿಸಿತು. ಇಲ್ಲಿ ಹಣ ಕೊಡುವ ರಾಜ್ಯವನ್ನು ಹುಡುಕಿಕೊಂಡು ತಂಡ ಹೋಗುತ್ತದೆ.

1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇಸ್‌ಬಾಲನ್ನು ಏಕಸ್ವಾಮ್ಯ ತಡೆ ಕಾಯ್ದೆಯ ಕೈಗೆ ಸಿಗದಂತೆ ಮಾಡಿತು. ಅದರ ಬಲದಲ್ಲೇ ಆಟಗಾರರನ್ನು ದನಗಳಂತೆ ಕೈಬದಲಾಯಿಸುತ್ತಿದ್ದರು. ಅದನ್ನು ಎದುರಿಸಿ ಕೋರ್ಟಿಗೆ ಹೋದವನು ವೆಸ್ಟ್ ಓಕ್ಲೆಂಡಿನ ಮೈದಾನಗಳಲ್ಲಿ ಆಡಿ ಬೆಳೆದ ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ತಂಡ 1969ರಲ್ಲಿ ತನ್ನನ್ನು ಫಿಲಡೆಲ್ಫಿಯಾಕ್ಕೆ ಸಾಗಹಾಕಿದಾಗ, ನಾನು ಕೊಂಡು ಮಾರುವ ಸರಕಲ್ಲ ಎಂದು ಪತ್ರ ಬರೆದ. 1972ರಲ್ಲಿ ನ್ಯಾಯಾಧೀಶರ 5–3 ಬಹುಮತದ ತೀರ್ಪಿನಿಂದ ಸೋತ. ಅವನ ನಂತರದ ಆಟಗಾರರಿಗೆ ಬಿಡುಗಡೆ ಸಿಕ್ಕಿತು. ಊರುಗಳಿಗೆ ಸಿಗಲಿಲ್ಲ.

2025ರಿಂದ ಅಥ್ಲೆಟಿಕ್ಸ್ ಆಡುತ್ತಿರುವುದು ವೆಸ್ಟ್ ಸ್ಯಾಕ್ರಮೆಂಟೊದ ಪುಟ್ಟ ಮೈದಾನದಲ್ಲಿ, ಹೆಸರಿನ ಮುಂದೆ ಯಾವ ಊರೂ ಇಲ್ಲದೆ. ಸೋಲನ್ಸ್ ತಂಡವನ್ನು ಕಳೆದುಕೊಂಡ ಊರಿಗೆ ಬಂದೂ ಆ ಊರಿನ ಹೆಸರು ಹಾಕಿಕೊಳ್ಳುವ ಮರ್ಯಾದೆ ಇಲ್ಲ. ಛತ್ರದಲ್ಲಿ ಇಳಿದುಕೊಂಡವರಂತೆ ವೇಗಸ್ಸಿನ ಮನೆ ಮುಗಿಯುವುದನ್ನು ಕಾಯುತ್ತಿದ್ದಾರೆ. ನಾನು ಒಮ್ಮೆಯೂ ಹೋಗಿಲ್ಲ, ಹೋಗುವುದೂ ಇಲ್ಲ. ಮಗಳು ಇದನ್ನು ಹಟ ಎನ್ನುತ್ತಾಳೆ, ಇರಲಿ.

ನಾವು ಹೋಗುವುದು ವೆಸ್ಟ್ ಓಕ್ಲೆಂಡಿನ ರೈಮಾಂಡಿ ಪಾರ್ಕಿಗೆ. ಅಲ್ಲಿ 2024ರಿಂದ ಓಕ್ಲೆಂಡ್ ಬ್ಯಾಲರ್ಸ್ ಎಂಬ ಹೊಸ ತಂಡ ಆಡುತ್ತಿದೆ, ಪಯೊನಿಯರ್ ಲೀಗ್ ಎಂಬ ಸಣ್ಣ ಲೀಗಿನಲ್ಲಿ. ಅಭಿಮಾನಿಗಳೂ ಹಣ ಹಾಕಿ ಪಾಲು ಕೊಂಡಿದ್ದಾರೆ. ಮೊದಲ ವರ್ಷ ಕೆಲ್ಸಿ ವಿಟ್‌ಮೋರ್ ಎಂಬ ಮಹಿಳೆ ಗಂಡಸರ ಎದುರು ಚೆಂಡೆಸೆದರು. ತಗಡಿನ ಮೆಟ್ಟಿಲುಗಳು, ಆಚೆಗೆ ಬಂದರಿನ ಕ್ರೇನುಗಳು, ಸಂಜೆಯಾದರೆ ಕೊಲ್ಲಿಯಿಂದ ಕೊರೆಯುವ ಗಾಳಿ. ಹೋದ ಸಲ ಗೇಟಿನ ಹೊರಗೆ ಪರಿಚಿತ ದನಿ ಕೇಳಿಸಿತು. ಕೊಲಿಸಿಯಂ ಸೇತುವೆಯ ಮೇಲೆ ಕಡಲೇಕಾಯಿ ಮಾರುತ್ತಿದ್ದ ಹೆಂಗಸು! ಅವಳಿಗೂ ನನ್ನ ಗುರುತು ಹತ್ತಿತು. ಪೊಟ್ಟಣ ಕೊಟ್ಟಳು, ದುಡ್ಡು ಕೊಟ್ಟೆ. ಬಸವನಗುಡಿಯ ಅಭ್ಯಾಸ ಎಲ್ಲಿ ಬಿಡುತ್ತದೆ, ಇನ್ನೊಂದು ಕೈ ಚಾಚಿ ಕೊಸರು ಕೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕು, ಬೇರೆ ಪೊಟ್ಟಣ ಬಿಚ್ಚಿ ಒಂದು ಹಿಡಿ ಹಾಕಿದಳು.